ಮನೆಯಲ್ಲಿ ಮಾಡಿದ ಹಮ್ಮಸ್ (ಬೇಯಿಸಿದ ಕಾಬೂಲಿ ಕಡಲೆ, ತಹಿನಿ, ನಿಂಬೆ ಸೇರಿಸಿ ಅರೆಯೋ ಅರಬ್ ಕಡೆಯ ಚಟ್ನಿ) ಕಹಿಯಾಗುತ್ತೆ, ಯಾವ ಫ್ಲೇವರ್ ಹಾಕಿದರೆ ಸರಿಹೋಗುತ್ತೆ?

ಕೊತ್ತಂಬರಿಯೋ ಬೀಟ್‌ರೂಟೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಹಾಕಿ ನೋಡಿದವಳು.

ನಮ್ಮದು ತೀರ್ಥಹಳ್ಳಿ ಹತ್ತಿರ. ದುಬೈಯಲ್ಲಿರೋ ತಮ್ಮ ಊರಿಗೆ ಬರ್ತಾನೆ ಅಂತ ಹಮ್ಮಸ್ ಮಾಡೋಕೆ ಹೊರಟೆ. ತಹಿನಿ ಅಂದ್ರೆ ಎಳ್ಳು ಅರೆದದ್ದು ತಾನೆ, ಎಳ್ಳು ಮನೇಲೇ ಇದೆಯಲ್ಲ ಅಂದುಕೊಂಡೆ. ಕೆಟ್ಟದ್ದು ಅಲ್ಲೇ. ಡಬ್ಬದಲ್ಲಿದ್ದದ್ದು ಚಟ್ನಿಪುಡಿಗೆ ಇಟ್ಟಿದ್ದ, ಸಿಪ್ಪೆ ತೆಗೆಯದ ಎಳ್ಳು. ಆ ಸಿಪ್ಪೆಯಲ್ಲೇ ಒಂದು ಕಹಿ ಇರುತ್ತೆ. ಚಟ್ನಿಪುಡಿಯಲ್ಲಿ ಖಾರ, ಹುಳಿ, ಬೆಲ್ಲದ ನಡುವೆ ಅದು ಗೊತ್ತಾಗಲ್ಲ. ಸಾಲದ್ದಕ್ಕೆ ಕಬ್ಬಿಣದ ಬಾಣಲೆಯಲ್ಲಿ ಚಟಪಟ ಅನ್ನೋವರೆಗೆ ಹುರಿದೆ, ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟು ಕೊಟ್ಟಿಗೆಗೆ ಹೋದೆ. ದಪ್ಪ ಕಬ್ಬಿಣದ ಕಾವು ಬೇಗ ಇಳಿಯಲ್ಲ, ಉರಿ ಇಲ್ಲದೆಯೂ ಎಳ್ಳು ಹುರಿಯುತ್ತಲೇ ಇತ್ತು. ಬಂದು ನೋಡಿದರೆ ಕೆಂಪಗಾಗಿತ್ತು. ಘಮ ಚೆನ್ನಾಗೇ ಇತ್ತು, ಅದಕ್ಕೇ ಅನುಮಾನ ಬರಲಿಲ್ಲ.

ತಮ್ಮ ಅಕ್ಕಿರೊಟ್ಟಿ ಚೂರು ಅದ್ದಿ ಬಾಯಿಗಿಟ್ಟವನೇ "ಅಕ್ಕಾ, ಕಹಿ" ಅಂದ. ಇನ್ನಷ್ಟು ನಿಂಬೆ ಹಿಂಡಿದೆ, ಕೊತ್ತಂಬರಿ ಅರೆದು ಹಾಕಿದೆ, ಮಾರನೇ ದಿನ ಬೀಟ್‌ರೂಟ್. ಬಣ್ಣ ಬದಲಾಯ್ತು, ಕಹಿ ಕದಲಲಿಲ್ಲ. ಕಡಲೆಯದೇ ದೋಷ ಅಂತಿದ್ದೆ. ಕೊನೆಗೆ ಉಳಿದಿದ್ದ ಎಳ್ಳಿನ ಪೇಸ್ಟ್ ಬೆರಳಲ್ಲಿ ನೆಕ್ಕಿದಾಗ ಗೊತ್ತಾಯ್ತು.

ನೀವೂ ತಹಿನಿ ಮನೇಲೇ ಮಾಡ್ತೀನಿ ಅಂದಿದ್ದೀರಿ, ಹಾಗಾಗಿ ಮೊದಲು ಅದನ್ನೇ ನೋಡಿ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ತರೋ, ಸಿಪ್ಪೆ ತೆಗೆದ ಬಿಳಿ ಎಳ್ಳೇ ಬೇಕು. ನಾನು ಶಿವಮೊಗ್ಗದ ಗಾಂಧಿ ಬಜಾರಿಂದ ತರ್ತೀನಿ. ಸಣ್ಣ ಉರಿಯಲ್ಲಿ 3-4 ನಿಮಿಷ ಬೆಚ್ಚಗೆ ಮಾಡಿ, ಬಣ್ಣ ತಿರುಗೋ ಮುಂಚೆ ತಟ್ಟೆಗೆ ಸುರಿದುಬಿಡಿ. ಆಲಿವ್ ಎಣ್ಣೆಯನ್ನ ಮಿಕ್ಸಿಗೆ ಹಾಕಬೇಡಿ, ಜೋರಾಗಿ ತಿರುಗಿದರೆ ಅದೂ ಕಹಿ ಬಿಡುತ್ತೆ. ಬಡಿಸುವಾಗ ಮೇಲೆ ಹಾಕಿದರೆ ಸಾಕು.

ಕಾಬೂಲಿ ಕಡಲೆ ರಾತ್ರಿ ನೆನೆಸಿ, ಬೇಯಿಸುವಾಗ ಒಂದು ಲೋಟ ಕಡಲೆಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ, ಸಿಪ್ಪೆಯೂ ಕರಗೋ ಹಾಗೆ ಬೇಯುತ್ತೆ. ನಿಂಬೆಹುಳಿಯನ್ನ ಕುಕ್ಕರಿಗೆ ಹಾಕಿದರೆ ಕಡಲೆ ಬೇಗ ಮೆತ್ತಗಾಗಲ್ಲ. ಬೆಳ್ಳುಳ್ಳಿ ಜಜ್ಜಿ 10 ನಿಮಿಷ ನಿಂಬೆರಸದಲ್ಲಿಟ್ಟರೆ ಹಸಿ ಘಾಟು ತಗ್ಗುತ್ತೆ. ಅರೆಯುವಾಗ ಐಸ್ ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಬೆಳ್ಳಗೆ ಹಗುರಾಗುತ್ತೆ.

ಫ್ಲೇವರ್ ಬೇಕೇಬೇಕು ಅಂದ್ರೆ ನಮ್ಮ ಕಡೆಯ ಪುಟ್ಟ ಖಾರದ ಮೆಣಸಿನಕಾಯಿ, ಸೂಜಿಮೆಣಸು, ಎರಡನ್ನ ಉಪ್ಪಿನ ಜೊತೆ ಕುಟ್ಟಿ ಮೇಲೆ ಉದುರಿಸಿ. ಈಗ ತಮ್ಮ ಬಂದಾಗೆಲ್ಲ ಅದನ್ನೇ ಕೇಳ್ತಾನೆ.