ಹೂವಿನ ಸೋಫಾಗೆ ಎಂಥ ಪರದೆ?

ಪ್ರಶ್ನೆ: ನಮ್ಮ ಹಾಲ್ ಚಿಕ್ಕದು, ಸೀಲಿಂಗ್ ತಗ್ಗು. ಸೋಫಾ ತುಂಬಾ ದೊಡ್ಡ ದೊಡ್ಡ ಹೂಗಳು. ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಎಂಥ ಪರದೆ ಹಾಕಲಿ?

ಉತ್ತರ: ಸೋಫಾದಲ್ಲೇ ಅಷ್ಟು ಹೂವಿರುವಾಗ ಪರದೆಯಲ್ಲೂ ಯಾಕೆ, ಅಲ್ವಾ? ನಾನೊಮ್ಮೆ ಹಾಗೆ ಹಾಕಿ, ಹಾಲ್‌ನಲ್ಲಿ ಕೂತರೆ ತಲೆ ತಿರುಗುತ್ತಿತ್ತು! ಆ ಹೂಗಳಲ್ಲೇ ಇರುವ ಒಂದು ತಿಳಿ ಬಣ್ಣ ಆರಿಸಿ, ಪ್ಲೇನ್ ಬಟ್ಟೆ ತನ್ನಿ. ರಾಡನ್ನು ಕಿಟಕಿಯ ಚೌಕಟ್ಟಿಗಲ್ಲ, ಸೀಲಿಂಗ್ ಹತ್ತಿರ ಹಾಕಿಸಿ. ಪರದೆ ನೆಲದವರೆಗೂ ಇಳಿಯಲಿ, ಗೋಡೆ ಎತ್ತರವಾಗಿ ಕಾಣುತ್ತದೆ. ಅಗಲದಲ್ಲಿ ಜಿಪುಣತನ ಬೇಡ. ಕಿಟಕಿಯ 2 ಪಟ್ಟು ಬಟ್ಟೆ ಬೇಕು. ಇಲ್ಲದಿದ್ದರೆ ನೆರಿಗೆ ಬೀಳದೆ ಸುಮ್ನೆ ಬೆಡ್‌ಶೀಟ್ ನೇತುಹಾಕಿದಂತಿರುತ್ತದೆ. ಬಿಸಿಲಿಗೆ ಹಿಂದೊಂದು ಲೈನಿಂಗ್ ಕೊಡಿಸಿ. ಹತ್ತಿ ಬಟ್ಟೆಯಾದರೆ ಹೊಲಿಯಲು ಕೊಡುವ ಮೊದಲೇ ಒಮ್ಮೆ ನೀರಿಗೆ ಹಾಕಿ ತೆಗೆಯಿರಿ, ಆಮೇಲೆ ಕುಗ್ಗಿ ಗಿಡ್ಡವಾಗುವುದಿಲ್ಲ.