ಸೈಕಲ್ ಪ್ರಶ್ನೋತ್ತರ: ಹಬ್ ಒಳಗಿನ ಗೇರ್, ಮೂರು ಸಾಕೇ, ಎಂಟು ಬೇಕೇ?

(ಐಟಿಐ ಫಿಟ್ಟರ್ ವಿಭಾಗದ ನಿವೃತ್ತ ಬೋಧಕರು ಓದುಗರ ಸೈಕಲ್ ಸಂದೇಹಗಳಿಗೆ ಉತ್ತರಿಸುತ್ತಾರೆ. ಈ ಬಾರಿ ಹಿಂದಿನ ಗಾಲಿಯ ನಡುವಿನ ಉರುಳೆಯಾದ ಹಬ್ ಒಳಗೆ ಅಡಗಿರುವ ಗೇರುಗಳ ಬಗ್ಗೆ.)

ಪ್ರಶ್ನೆ: ಮೇಷ್ಟ್ರೇ, ನಾವು ಧಾರವಾಡದವರು, ಈಗ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿದ್ದೇವೆ. ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡಲು ಸೈಕಲ್ ಕೊಳ್ಳಬೇಕು. ಮೂರು, ಏಳು, ಎಂಟು ಗೇರಿನವು ಸಿಗುತ್ತವೆ. ಊರು ಸಪಾಟಾಗಿದೆ, ಮೂರು ಸಾಕು ಎನ್ನುತ್ತಾರೆ. ಪೆಡಲನ್ನು ಹಿಂದಕ್ಕೆ ಒತ್ತಿದರೆ ನಿಲ್ಲುವ ಬ್ರೇಕ್ ನನಗೆ ಹೊಂದುತ್ತದೆಯೇ?
(ಓದುಗರೊಬ್ಬರು, ಉಟ್ರೆಕ್ಟ್)

ಉತ್ತರ: ಊರು ಸಪಾಟೆಂದು ಹೇಳುವವರು ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅಲ್ಲಿ ಎದುರುಗಾಳಿಯೇ ಏರು. ಏರಾದರೆ ತುದಿ ಮುಟ್ಟಿದ ಮೇಲೆ ಇಳಿಜಾರು ಸಿಗುತ್ತದೆ, ಗಾಳಿಗೆ ತುದಿಯೇ ಇಲ್ಲ.

ಶಿಮಾನೊ ಕಂಪನಿಯ ಮೂರು ಗೇರಿನ ನೆಕ್ಸಸ್ ಹಬ್‌ನಲ್ಲಿ ನಡುವಿನ ಗೇರು ನೇರ ಚಾಲನೆ, ಅಂದರೆ ಹಿಂದಿನ ಹಲ್ಲುಚಕ್ರ ತಿರುಗಿದಷ್ಟೇ ಗಾಲಿಯೂ ತಿರುಗುತ್ತದೆ. ಪೆಡಲನ್ನು ಒಂದಿಷ್ಟು ಸುತ್ತು ತುಳಿದಾಗ ಆ ಗೇರಿನಲ್ಲಿ ನೂರು ಅಡಿ ಹೋದರೆ, ಒಂದನೆಯದರಲ್ಲಿ 73, ಮೂರನೆಯದರಲ್ಲಿ 136 ಎಂದು ಲೆಕ್ಕ ಇಟ್ಟುಕೊಳ್ಳಿ. ಗೇರಿನಿಂದ ಗೇರಿಗೆ ಹೆಜ್ಜೆಗಳು ದೊಡ್ಡವು. ಒಬ್ಬರೇ ಹೋಗುವಾಗ ಇದು ಕಾಡುವುದಿಲ್ಲ. ಮಗು, ಅವಳ ಚೀಲ, ತರಕಾರಿ, ಎದುರುಗಾಳಿ ಎಲ್ಲ ಸೇರಿದಾಗ ಒಂದು ಗೇರು ಭಾರ, ಅದರ ಕೆಳಗಿನದು ಕಾಲು ಸುಮ್ಮನೆ ತಿರುಗುವಷ್ಟು ಹಗುರ ಎಂಬ ಪೇಚು ಬರುತ್ತದೆ. ಎಂಟು ಗೇರಿನ ನೆಕ್ಸಸ್‌ನಲ್ಲಿ ಅತಿ ಹಗುರದ ಗೇರಿಗಿಂತ ಅತಿ ಭಾರದ್ದು ಮೂರು ಪಟ್ಟಿಗೂ ತುಸು ಹೆಚ್ಚು ದೂರ ಒಯ್ಯುತ್ತದೆ. ಏಳರದ್ದು ಸುಮಾರು ಎರಡೂವರೆ ಪಟ್ಟು, ಮೂರರದ್ದು ಎರಡು ಪಟ್ಟಿಗೂ ಕಡಿಮೆ. ನಿಮಗೆ ಏಳೋ ಎಂಟೋ ಸರಿ. ಆದರೆ ಹಳೆಯ ಸೈಕಲ್ ಕೊಳ್ಳುವುದಾದರೆ, ಯಾರು ಹೇಗೆ ನೋಡಿಕೊಂಡರೋ ತಿಳಿಯದ ಎಂಟು ಗೇರಿನದಕ್ಕಿಂತ ಸುಸ್ಥಿತಿಯ ಮೂರು ಗೇರಿನದನ್ನೇ ನಾನು ಆರಿಸುತ್ತೇನೆ. ಅದು ಭಾರ ಎನಿಸಿದರೆ ಅಗ್ಗದ ಉಪಾಯವಿದೆ: ಹಿಂದಿನ ಹಲ್ಲುಚಕ್ರವನ್ನು ಬದಲಾಯಿಸಿ. 19 ಹಲ್ಲಿನ ಜಾಗಕ್ಕೆ 22 ಹಲ್ಲಿನದನ್ನು ಹಾಕಿಸಿದರೆ ಮೂರೂ ಗೇರುಗಳು ಒಟ್ಟಿಗೆ ಹಗುರವಾಗುತ್ತವೆ. ಹಲ್ಲುಚಕ್ರವನ್ನು ಹಿಡಿದಿರುವುದು ಒಂದು ತಂತಿಯ ಉಂಗುರ ಮಾತ್ರ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು, ಅಷ್ಟೇ.

ಬ್ರೇಕಿನ ಬಗ್ಗೆ ನಿಮ್ಮ ಅಂಜಿಕೆ ಸರಿಯಾಗಿಯೇ ಇದೆ. ನಾವೆಲ್ಲ ಸಿಗ್ನಲ್‌ನಲ್ಲಿ ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಡಲು ಅನುಕೂಲವಾಗುವಂತೆ ಮೇಲಕ್ಕೆ ತಂದುಕೊಳ್ಳುತ್ತೇವೆ. ಹಿಮ್ಮುಖ ಬ್ರೇಕ್ ಇದ್ದರೆ ಅದು ಸಾಧ್ಯವಿಲ್ಲ. ಹಿಂದೆ ಮಗು ಕುಳಿತಿರುವಾಗ ಹೊರಡುವ ಗಳಿಗೆಯೇ ಹೆಚ್ಚು ಓಲಾಡುವುದು. ಎರಡೂ ಗಾಲಿಗೆ ಕೈಬ್ರೇಕ್ ಇರುವುದನ್ನೇ ಕೇಳಿ.

ಗೇರು ಬದಲಿಸುವಾಗ ಒಂದು ಅಭ್ಯಾಸ ಬೇಕು: ಅರೆಕ್ಷಣ ಪೆಡಲಿನ ಮೇಲಿನ ಒತ್ತಡ ಸಡಿಲಿಸಿ. ನಿಂತಲ್ಲೇ ಬದಲಿಸಿದರೂ ಆಯಿತು, ಈ ಹಬ್‌ಗಳ ದೊಡ್ಡ ಸುಖವೇ ಅದು. ಇನ್ನು ಪಂಕ್ಚರ್. ಹಿಂಗಾಲಿ ಬಿಚ್ಚಲು 15 ಎಂಎಂ ಸ್ಪ್ಯಾನರ್ ಬೇಕು, ಗೇರ್ ಕೇಬಲ್ ಕಳಚಬೇಕು, ಅಚ್ಚು ತಿರುಗದಂತೆ ಹಿಡಿಯುವ ವಾಷರ್‌ಗಳನ್ನು ಇದ್ದ ದಿಕ್ಕಿನಲ್ಲೇ ಮತ್ತೆ ಕೂರಿಸಬೇಕು. ಅದಕ್ಕೇ ಅಲ್ಲಿನವರು ಗಾಲಿ ಬಿಚ್ಚದೆ, ತೂತಾದ ಕಡೆ ಮಾತ್ರ ಟ್ಯೂಬನ್ನು ಹೊರಗೆಳೆದು ತೇಪೆ ಹಚ್ಚುತ್ತಾರೆ. ನೀವೂ ಕಲಿತುಕೊಳ್ಳಿ. ದುಪಟ್ಟಾ ತೊಡುವವರಾದರೆ ಪೂರ್ತಿ ಮುಚ್ಚಿದ ಚೈನ್ ಕವರ್ ಮತ್ತು ಹಿಂಗಾಲಿಯ ಪಕ್ಕದ ಹೊದಿಕೆ ಎರಡೂ ಇರಲಿ.

ಪ್ರಶ್ನೆ: ನಮ್ಮ ತಾತನ ರಾಲೇ ಸೈಕಲ್ಲಿನಲ್ಲಿ ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ ಇದೆ. ಎರಡನೇ ಗೇರಿನಲ್ಲಿ ಎದ್ದು ನಿಂತು ತುಳಿದರೆ ಪೆಡಲ್ ಸರಕ್ಕನೆ ಖಾಲಿ ತಿರುಗುತ್ತದೆ. ಹಬ್ ಸವೆದಿದೆ, ಕಿತ್ತು ಸಾದಾ ಫ್ರೀವೀಲ್ ಹಾಕಿ ಎನ್ನುತ್ತಾರೆ ರಿಪೇರಿಯವರು.
(ಓದುಗರೊಬ್ಬರು, ಮೈಸೂರು)

ಉತ್ತರ: ಕೀಳಿಸಬೇಡಿ! ಮೊದಲು ಹಬ್ಬನ್ನು ಒರೆಸಿ ಅದರ ಮೇಲೆ ಒತ್ತಿದ ಬರಹ ನೋಡಿ. ಎಡಬ್ಲ್ಯೂ (AW) ಎಂಬ ಅಕ್ಷರಗಳ ಜೊತೆಗೆ ಎರಡಂಕಿಯ ಸಂಖ್ಯೆಯಿದ್ದರೆ ಅದು ತಯಾರಾದ ವರ್ಷ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಈ ಮಾದರಿ 1936ರಲ್ಲಿ ಬಂತು. ಒಳಗೆ ಅಚ್ಚಿಗೆ ಬಿಗಿದ 20 ಹಲ್ಲಿನ ಚಕ್ರ, ಅದರ ಸುತ್ತ ಉರುಳುವ ನಾಲ್ಕು ಪುಟ್ಟ ಚಕ್ರಗಳು, ಅವನ್ನು ಸುತ್ತುವರಿದ 60 ಹಲ್ಲಿನ ಬಳೆ. ಶಕ್ತಿ ಬಳೆಯಿಂದ ಒಳಬಂದರೆ ಮುಕ್ಕಾಲು ವೇಗ, ಪುಟ್ಟ ಚಕ್ರಗಳ ಚೌಕಟ್ಟಿನಿಂದ ಬಂದರೆ ಒಂದು ಪೂರ್ತಿ ಮತ್ತು ಅದರ ಮೇಲೆ ಮೂರನೇ ಒಂದು ಪಾಲು ವೇಗ. ನಾನು ತರಗತಿಯಲ್ಲಿ ಗೇರ್ ಪಾಠಕ್ಕೆ ಇದನ್ನೇ ಬಿಚ್ಚಿ ತೋರಿಸುತ್ತಿದ್ದೆ; ಇಷ್ಟು ಕಡಿಮೆ ಲೋಹದಲ್ಲಿ ಇಷ್ಟು ಕೆಲಸ ಮಾಡಿಸಿದ ಯಂತ್ರಗಳು ವಿರಳ.

ನಿಮ್ಮ ತೊಂದರೆಗೆ ಹೆಚ್ಚಾಗಿ ಕಾರಣ ಕೇಬಲ್. ಈ ಹಬ್‌ನಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ಯಾವ ಗೇರೂ ಹಿಡಿಯದ ಒಂದು ಖಾಲಿ ಜಾಗವಿದೆ. ಕೇಬಲ್ ಕೊಂಚ ಸಡಿಲವಾದರೂ ಎರಡನೇ ಗೇರು ಆ ಖಾಲಿಗೆ ಜಾರುತ್ತದೆ. ಲಿವರನ್ನು ಎರಡಕ್ಕೆ ತನ್ನಿ. ಬಲಗಡೆಯ ನಟ್ಟಿನ ಕಿಂಡಿಯಲ್ಲಿ ಇಣುಕಿ: ಗೇರ್ ಕೇಬಲಿನ ಪುಟ್ಟ ಸರಪಳಿ ಸೇರಿಕೊಳ್ಳುವ ಕಡ್ಡಿಯ ತುದಿ ಅಚ್ಚಿನ ತುದಿಗೆ ಸಮನಾಗಿರಬೇಕು. ಒಳಗಿದ್ದರೆ ಕೇಬಲಿನ ತಿರುಪಿನಿಂದ ಬಿಗಿ ಮಾಡಿ. ಸರಪಳಿಯ ಕಡ್ಡಿಯನ್ನು ಮೊದಲು ಪೂರ್ತಿ ಒಳಕ್ಕೆ ತಿರುಗಿಸಿ, ಆಮೇಲೆ ಅರ್ಧ ಸುತ್ತಿಗಿಂತ ಕಡಿಮೆ ಹಿಂದಕ್ಕೆ ಬಿಟ್ಟಿರಬೇಕು. ಇದನ್ನು ಮುಗಿಸುವ ತನಕ ಎದ್ದು ನಿಂತು ತುಳಿಯಬೇಡಿ, ಹಲ್ಲು ಹೋದೀತು. ಸೈಕಲಿನದ್ದಲ್ಲ, ನಿಮ್ಮದು.

ಹಬ್ ಮೇಲಿನ ಸಣ್ಣ ಮುಚ್ಚಳ ತೆರೆದು ತೆಳು ಯಂತ್ರದ ಎಣ್ಣೆ, ಎಸ್‌ಎಇ 20 ಇದ್ದರೆ ಒಳ್ಳೆಯದು, ಒಂದು ಟೀ ಚಮಚದಷ್ಟು ಬಿಡಿ. ಕೊಬ್ಬರಿ ಎಣ್ಣೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಒಳಗೆ ಅಂಟಾಗಿ, ಹಿಡಿಯಬೇಕಾದ ಕೊಕ್ಕೆಗಳನ್ನೇ ಮಲಗಿಸಿಬಿಡುತ್ತದೆ. ಎರಡು ಮತ್ತು ಮೂರನೇ ಗೇರಿನಲ್ಲಿ ತುಳಿಯುವಾಗ ಟಿಕ್ ಟಿಕ್ ಸದ್ದು ಬರುವುದು ಕಾಯಿಲೆಯಲ್ಲ. ಇಷ್ಟಾದರೂ ಜಾರಿದರೆ ಆಗ ಬಿಚ್ಚುವ ಮಾತು. ಸ್ಟರ್ಮಿ ಆರ್ಚರ್ ಕಂಪನಿ 2000ದಲ್ಲಿ ತೈವಾನಿನವರ ಕೈಗೆ ಹೋದರೂ ಮೂರು ಗೇರಿನ ಹಬ್ ಈಗಲೂ ತಯಾರಾಗುತ್ತದೆ.

ಪ್ರಶ್ನೆ: ಜರ್ಮನಿಯ ರೋಲೋಫ್ 14 ಗೇರಿನ ಹಬ್ ತರಿಸಿ ಆಗುಂಬೆ, ಚಾರ್ಮಾಡಿ ಸುತ್ತಬೇಕೆಂಬ ಆಸೆ. ದುಡ್ಡಿಗೆ ತಕ್ಕ ಬೆಲೆಯೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ವಸ್ತು ಉತ್ತಮ. ಪ್ರತಿ ಹೆಜ್ಜೆಯೂ 13.6 ಶೇಕಡ, ಹಗುರಕ್ಕೂ ಭಾರಕ್ಕೂ ಐದು ಪಟ್ಟಿಗೂ ಹೆಚ್ಚು ಅಂತರ, ಗೇರು ಕೂರುವ ಗುರುತು ಲಿವರಿನಲ್ಲಲ್ಲ, ಹಬ್ ಒಳಗೇ ಇರುವುದರಿಂದ ಕೇಬಲ್ ತುಸು ಸಡಿಲವಾದರೂ ಚಿಂತೆಯಿಲ್ಲ. ವರ್ಷಕ್ಕೊಮ್ಮೆ ಅಥವಾ 5000 ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕು. ಬೆಲೆ ಸಾವಿರ ಯೂರೋ ದಾಟುತ್ತದೆ. ಖಂಡಾಂತರ ಪ್ರವಾಸಕ್ಕೆ ಹೊರಟವರಿಗೆ ಕೊಳ್ಳಿ ಎನ್ನುತ್ತೇನೆ. ಭಾನುವಾರದ ಘಾಟಿಗೆ ಬೇಡ. ಹೊರಗಿನ ಗೇರು ಕೆಟ್ಟರೆ ಶಿವಮೊಗ್ಗದಲ್ಲಿ ಏನಾದರೂ ಸಿಕ್ಕೀತು. ಇದರ ಒಳಭಾಗ ಕೆಟ್ಟರೆ ಹಬ್ಬನ್ನೇ ಕಂಪನಿಗೆ ಕಳುಹಿಸಬೇಕು.

ಪ್ರಶ್ನೆ: ಜರ್ಮನಿಯಿಂದ ಮರಳುವಾಗ ಎಂಟು ಗೇರಿನ ನೆಕ್ಸಸ್ ಸೈಕಲ್ ತಂದಿದ್ದೇನೆ. ನಮ್ಮ ಮಳೆಗೆ ಹಬ್ ಒಳಗೆ ನೀರು ಹೋಗುತ್ತದೆಯೇ?
(ಓದುಗರೊಬ್ಬರು, ಉಡುಪಿ)

ಉತ್ತರ: ಮಳೆಗಿಂತ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪು ಅಪಾಯಕಾರಿ. ಅದರ ರಭಸ ಅಚ್ಚಿನ ಸೀಲ್ ದಾಟಿ ನೀರನ್ನು ಒಳನುಗ್ಗಿಸುತ್ತದೆ. ಬಕೆಟ್, ಬಟ್ಟೆ ಸಾಕು. ಗೇರು ಕರಕರ ಎಂದರೆ ಲಿವರನ್ನು ನಾಲ್ಕಕ್ಕೆ ತಂದು, ಹಬ್ ಬಳಿಯ ಎರಡು ಹಳದಿ ಗೆರೆಗಳು ಒಂದೇ ಸಾಲಿನಲ್ಲಿವೆಯೇ ನೋಡಿ, ಇಲ್ಲದಿದ್ದರೆ ಕೇಬಲಿನ ತಿರುಪಿನಿಂದ ಸರಿಹೊಂದಿಸಿ. ಎರಡು ವರ್ಷಕ್ಕೊಮ್ಮೆ ಒಳಗಿನ ಭಾಗವನ್ನು ಹೊರತೆಗೆಸಿ ಎಣ್ಣೆಯಲ್ಲಿ ಅದ್ದಿಸಬೇಕು. ಕರಾವಳಿಯ ಉಪ್ಪುಗಾಳಿಗೆ ಮಳೆಗಾಲ ಮುಗಿದ ಕೂಡಲೇ ಮಾಡಿಸಿದರೆ ಒಳ್ಳೆಯದು.