ಜಾಹೀರಾತಿನ ಕಿರಿಕಿರಿಗೆ ನಿಮ್ಮ ತಾಳ್ಮೆ ಹೊಣೆಯಲ್ಲ

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಹಾಸಿಗೆ ಹಿಡಿದಿರುವ ತಾಯಿಯ ಜೊತೆ ಪ್ರತಿ ಸಂಜೆ ಟಿ.ವಿ. ಮುಂದೆ ಕೂರುತ್ತೀರಿ, ಅವರ ಪಾಲಿಗೆ ಹೊರಜಗತ್ತೆಂದರೆ ಈಗ ಆ ಪರದೆಯೊಂದೇ ಎಂದು ಬರೆದಿದ್ದೀರಿ. ಧಾರಾವಾಹಿಯಲ್ಲಿ ಯಾರೋ ಪಿಸುಗುಟ್ಟುವಾಗ ಅವರಿಗೆ ಕೇಳಲೆಂದು ಧ್ವನಿ ಏರಿಸುತ್ತೀರಿ. ಮರುಕ್ಷಣವೇ ಜಾಹೀರಾತು ಅಬ್ಬರಿಸಿ, ತೂಕಡಿಸುತ್ತಿದ್ದ ತಾಯಿ ಬೆಚ್ಚಿಬೀಳುತ್ತಾರೆ. ಒಂದೇ ವಿರಾಮದಲ್ಲಿ ಒಂದೇ ಜಾಹೀರಾತು ಎರಡೆರಡು ಸಲ ಬರುತ್ತದೆ. ನೀವು ರೇಗಿದರೆ, ಅರ್ಧ ನಿಮಿಷದ ಜಾಹೀರಾತಿಗೆ ಇಷ್ಟೇಕೆ ಸಿಟ್ಟು ಎಂದು ಮನೆಯವರು ನಿಮ್ಮನ್ನೇ ಕೇಳುತ್ತಾರೆ. ಕೊನೆಗೆ ಮೂರು ಪ್ರಶ್ನೆ ಹಾಕಿದ್ದೀರಿ: ನನ್ನ ತಾಳ್ಮೆಯೇ ಕಡಿಮೆಯಾಯಿತೇ? ಇವನ್ನು ತಯಾರಿಸುವವರಿಗೆ ನಮಗಾಗುವ ಹಿಂಸೆ ಗೊತ್ತಿಲ್ಲವೇ? ಗೊತ್ತಿದ್ದೂ ಮಾಡುತ್ತಾರೆಂದರೆ ಅದರಿಂದ ಅವರಿಗೆ ಲಾಭವಿದೆಯೇ?

ಮೊದಲನೆಯದಕ್ಕೆ ನನ್ನ ಉತ್ತರ, ಇಲ್ಲ. ಈ ಸಿಟ್ಟು ನಿಮ್ಮೊಬ್ಬರದಲ್ಲ, ಇಂದು ನಿನ್ನೆಯದೂ ಅಲ್ಲ. 1941ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ಬೇಸ್‌ಬಾಲ್ ಪಂದ್ಯದ ಪ್ರಸಾರಕ್ಕೆ ಮುಂಚೆ ಬುಲೋವಾ ಗಡಿಯಾರ ಕಂಪನಿಯ ಜಾಹೀರಾತೊಂದು ಬಂತು. ಅಮೆರಿಕದಲ್ಲಿ ಅಧಿಕೃತ ಅನುಮತಿಯೊಂದಿಗೆ ಪ್ರಸಾರವಾದ ಮೊದಲ ಟಿ.ವಿ. ಜಾಹೀರಾತು ಅದು. ಪರದೆಯ ಮೇಲೊಂದು ಗಡಿಯಾರ, ಹಿನ್ನೆಲೆಯಲ್ಲೊಂದು ದನಿ, ಅಷ್ಟೇ. ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಅದಾಗಿ 14 ವರ್ಷಕ್ಕೆ, 1955ರಲ್ಲಿ, ಝೆನಿತ್ ಕಂಪನಿ ತಂತಿಯಿಲ್ಲದ ರಿಮೋಟನ್ನು ಮಾರುಕಟ್ಟೆಗೆ ತಂದಿತು. ಯೂಜೀನ್ ಪಾಲಿ ಎಂಬ ಎಂಜಿನಿಯರ್ ರೂಪಿಸಿದ ಆ ಸಾಧನ ಟಾರ್ಚಿನಂತೆ ಬೆಳಕು ಬೀರುತ್ತಿತ್ತು. ಪರದೆಯ ಒಂದೊಂದು ಮೂಲೆಗೆ ಬೆಳಕು ಬಿಟ್ಟರೆ ಒಂದೊಂದು ಕೆಲಸ. ಅವುಗಳಲ್ಲಿ ಸದ್ದಡಗಿಸುವುದೂ ಒಂದು. ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್ ಅವರಿಗೆ ಜಾಹೀರಾತು ಕಂಡರಾಗುತ್ತಿರಲಿಲ್ಲ. ಬೇಸರ ತರಿಸುವ ಜಾಹೀರಾತುಗಳ ಬಾಯಿಯನ್ನು ಕುಳಿತಲ್ಲಿಂದಲೇ ಮುಚ್ಚಿಸಬಹುದು ಎಂಬುದು ಆ ರಿಮೋಟಿನ ಮಾರಾಟಕ್ಕೆ ಅವರು ಹೇಳಿದ ಮುಖ್ಯ ಕಾರಣಗಳಲ್ಲೊಂದು.

ಸದ್ದಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ದೂರುಗಳಲ್ಲಿ ಅತ್ಯಂತ ನ್ಯಾಯವಾದದ್ದು ಅದೇ. ಧ್ವನಿಗೆ ಎರಡು ಅಳತೆಗಳಿವೆ. ಒಂದು, ಅದು ಮುಟ್ಟುವ ಗರಿಷ್ಠ ಮಟ್ಟ. ಇನ್ನೊಂದು, ಒಟ್ಟಾರೆ ಅದು ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು. ಪ್ರಸಾರಕರು ಬಹುಕಾಲ ಲೆಕ್ಕಕ್ಕೆ ಇಟ್ಟುಕೊಂಡದ್ದು ಮೊದಲನೆಯದನ್ನು. ಧಾರಾವಾಹಿಯ ದೃಶ್ಯವೊಂದರಲ್ಲಿ ಬಾಗಿಲು ಧಡಾರನೆ ಬಡಿದಾಗ ಧ್ವನಿ ಆ ಮಟ್ಟವನ್ನು ಒಮ್ಮೆ ಮುಟ್ಟುತ್ತದೆ. ಉಳಿದಂತೆ ಮಾತು, ಮೌನ, ನಿಟ್ಟುಸಿರು. ಜಾಹೀರಾತಿನವರು ಸ್ಟುಡಿಯೋದಲ್ಲಿ ಕಂಪ್ರೆಸರ್ ಬಳಸಿ ಜೋರು ದನಿಗೂ ಮೆಲುದನಿಗೂ ಇರುವ ಅಂತರವನ್ನು ಕುಗ್ಗಿಸಿ, ಬಳಿಕ ಇಡೀ ಧ್ವನಿಯನ್ನೇ ಮೇಲಕ್ಕೆತ್ತುತ್ತಾರೆ. ಆಗ ಮೂವತ್ತು ಸೆಕೆಂಡಿನ ಪ್ರತಿ ಪದವೂ, ಹಿನ್ನೆಲೆಯ ತಾಳದ ಪ್ರತಿ ಪೆಟ್ಟೂ ಬಾಗಿಲು ಬಡಿದಷ್ಟೇ ಜೋರಾಗುತ್ತದೆ. ಗರಿಷ್ಠ ಮಟ್ಟವನ್ನಷ್ಟೇ ತೋರಿಸುವ ಮೀಟರಿನಲ್ಲಿ ಎರಡೂ ಒಂದೇ. ಹಾಗಾಗಿ ದೂರು ಕೊಟ್ಟವರಿಗೆಲ್ಲ ‘ಮಿತಿ ಮೀರಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು, ಮೀಟರಿನ ಮಟ್ಟಿಗೆ ಅದು ಸತ್ಯವೂ ಆಗಿರುತ್ತಿತ್ತು.

ಕಿವಿಗೆ ಕೇಳುವ ಜೋರನ್ನೇ ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಶಿಫಾರಸು ಮಾಡಿತು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಅದರ ಆಧಾರದ ಮೇಲೆ ತನ್ನ ಮಟ್ಟವನ್ನು ಗೊತ್ತುಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಕಾನೂನನ್ನೇ ತಂದಿತು: ಜಾಹೀರಾತಿನ ಸರಾಸರಿ ಸದ್ದು ಅದರ ಜೊತೆಗೆ ಬರುವ ಕಾರ್ಯಕ್ರಮದ ಸರಾಸರಿ ಸದ್ದನ್ನು ಮೀರುವಂತಿಲ್ಲ. 2012ರ ಡಿಸೆಂಬರಿನಿಂದ ಅದು ಜಾರಿಗೆ ಬಂತು. ಒಂದು ದೇಶದ ಸಂಸತ್ತು ಈ ಕಿರಿಕಿರಿಯ ಮೇಲೆ ಕಾನೂನು ಮಾಡಿದೆ ಎಂಬುದನ್ನು ನಿಮ್ಮ ಮನೆಯವರಿಗೆ ದಯವಿಟ್ಟು ಓದಿ ಹೇಳಿ.

ಇಂಥ ನಿಯಮ ಪಾಲನೆಯಾಗುವ ಕಡೆಯಲ್ಲೂ ಜನ ಬೆಚ್ಚಿಬೀಳುವುದು ಪೂರ್ತಿ ನಿಂತಿಲ್ಲ. ಕಾರಣ, ಸರಾಸರಿಗೆ ಸಂದರ್ಭ ತಿಳಿಯುವುದಿಲ್ಲ. ಕಾರ್ಯಕ್ರಮದ ಜಗಳ, ಸಂಗೀತ, ಕೂಗಾಟವೆಲ್ಲ ಸೇರಿ ಒಂದು ಸರಾಸರಿ ಬರುತ್ತದೆ. ವಿರಾಮ ಬರುವುದು ಮಾತ್ರ ಕುತೂಹಲ ಕೆರಳಿ ಎಲ್ಲರೂ ಉಸಿರು ಬಿಗಿಹಿಡಿದ ಗಳಿಗೆಯಲ್ಲಿ, ಮಾತು ಪಿಸುದನಿಗೆ ಇಳಿದಾಗ. ನೀವು ಧ್ವನಿ ಏರಿಸಿರುವುದೂ ಆಗಲೇ. ಸರಾಸರಿಗೆ ಸರಿಯಾಗಿ ಸಿದ್ಧಪಡಿಸಿದ ಜಾಹೀರಾತು ಕೂಡ ಆ ಕ್ಷಣದಲ್ಲಿ ತಾಯಿಯ ಕಿವಿಗೆ ಅಪ್ಪಳಿಸಿದಂತಾಗುತ್ತದೆ.

ಸರಾಸರಿಯ ಮಾತು ಬಂದದ್ದರಿಂದ ಪುನರಾವರ್ತನೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ನಿಜವಾದ ಉತ್ತರ ಇರುವುದೂ ಇದರಲ್ಲೇ. ಪರಿಚಯವಿಲ್ಲದ ವಸ್ತುವನ್ನು ಮತ್ತೆ ಮತ್ತೆ ನೋಡಿದರೆ ಅದರ ಬಗ್ಗೆ ಒಲವು ಮೂಡುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯೊಂಟ್ಸ್ 1968ರಲ್ಲಿ ತೋರಿಸಿದರು. ಆದರೆ ಆ ಒಲವಿಗೆ ಕೊನೆಯಿದೆ. 1979ರಲ್ಲಿ ಜಾನ್ ಕ್ಯಾಸಿಯೊಪ್ಪೊ ಮತ್ತು ರಿಚರ್ಡ್ ಪೆಟ್ಟಿ ಒಂದೇ ವಾದವನ್ನು ಜನರಿಗೆ ಪದೇ ಪದೇ ಕೇಳಿಸಿ ನೋಡಿದರು. ಮೊದಮೊದಲು ಒಪ್ಪಿಗೆ ಏರಿತು, ಆಮೇಲೆ ಇಳಿಯತೊಡಗಿತು. ಕೇಳಿ ಕೇಳಿ ಸಾಕಾದ ಮನಸ್ಸು ಎದುರುವಾದ ಹುಡುಕಲು ಶುರುಮಾಡಿತ್ತು. ಇದು ಜಾಹೀರಾತು ಕ್ಷೇತ್ರಕ್ಕೆ ತಿಳಿಯದ ಗುಟ್ಟೇನಲ್ಲ. ಜಾಹೀರಾತು ಸಂಶೋಧಕ ಹರ್ಬರ್ಟ್ ಕ್ರುಗ್‌ಮನ್ ಮೂರು ಸಲ ನೋಡಿದರೆ ಸಾಕಾಗಬಹುದು ಎಂದು 1972ರಲ್ಲಿಯೇ ಬರೆದಿದ್ದರು.

ಹಾಗಿದ್ದರೆ ನಿಮಗೆ ಮೂರೇ ಸಲ ಏಕೆ ತೋರಿಸುವುದಿಲ್ಲ? ಏಕೆಂದರೆ ಟಿ.ವಿ. ಜಾಹೀರಾತನ್ನು ಯೋಜಿಸುವಾಗ ಎಷ್ಟು ಜನರನ್ನು ತಲುಪಿತು, ತಲೆಗೆ ಸರಾಸರಿ ಎಷ್ಟು ಸಲ ತಲುಪಿತು ಎಂದು ನೋಡುತ್ತಾರೆ. ಅಪರೂಪಕ್ಕೊಮ್ಮೆ ಟಿ.ವಿ. ಹಾಕುವವನ ಕಣ್ಣಿಗೆ ಎರಡು ಮೂರು ಸಲ ಬೀಳಬೇಕಾದರೆ ದಿನವಿಡೀ ತೋರಿಸುತ್ತಲೇ ಇರಬೇಕು. ಅಷ್ಟರಲ್ಲಿ ಸಂಜೆಯೆಲ್ಲ ಕುಳಿತು ನೋಡುವವರಿಗೆ ಅದು ಹತ್ತಾರು ಸಲ ಬಂದುಹೋಗಿರುತ್ತದೆ. ಹೊಲಕ್ಕೆಲ್ಲ ಹದವಾಗಿ ನೀರು ಹಾಯಿಸಿದ್ದೇವೆ ಎಂಬ ಲೆಕ್ಕ ಕಾಗದದ ಮೇಲೆ ಇರುತ್ತದೆ. ತೂಬಿನ ಬುಡದ ಗಿಡ ಕೊಳೆತದ್ದು ಅದರಲ್ಲಿ ಕಾಣುವುದಿಲ್ಲ. ಟಿ.ವಿ.ಯನ್ನು ಅತಿ ಹೆಚ್ಚು ನೋಡುವವರಲ್ಲಿ ವೃದ್ಧರಿದ್ದಾರೆ, ಕಾಯಿಲೆಯವರಿದ್ದಾರೆ, ಹೊರಗೆ ಹೋಗಲಾಗದವರಿದ್ದಾರೆ, ಅವರ ಆರೈಕೆಗೆ ನಿಂತ ನಿಮ್ಮಂಥವರಿದ್ದಾರೆ. ವಾಹಿನಿಯನ್ನು ಯಾರು ಹೆಚ್ಚು ನಂಬಿಕೊಂಡಿದ್ದಾರೋ ಅವರಿಗೇ ಹೆಚ್ಚು ಹಿಂಸೆ. ನಿಮ್ಮ ಹಿಂಸೆ ಅವರಿಗೆ ಗೊತ್ತಿಲ್ಲವೇ ಎಂದು ಕೇಳಿದಿರಲ್ಲ, ಗೊತ್ತಾಗಬೇಕಾದ ಜಾಗದಲ್ಲಿ ಅದನ್ನು ಯಾರೂ ಬರೆದುಕೊಳ್ಳುತ್ತಿಲ್ಲ. ನೋಡಿದ ಕಣ್ಣುಗಳಿಗೆ ಲೆಕ್ಕವಿದೆ, ನೊಂದ ಮನಸ್ಸಿಗಿಲ್ಲ. ಈ ಅನ್ಯಾಯ ನನ್ನನ್ನು ನಿಜವಾಗಿ ಕೆರಳಿಸುತ್ತದೆ.

ಇನ್ನು ಜಾಹೀರಾತಿನೊಳಗಿನ ವಿಷಯ. ಡೇವಿಡ್ ಆಕರ್ ಮತ್ತು ಡೊನಾಲ್ಡ್ ಬ್ರುಝೋನ್ ಎಂಬ ಅಮೆರಿಕದ ಸಂಶೋಧಕರು 524 ಟಿ.ವಿ. ಜಾಹೀರಾತುಗಳನ್ನು ಪರಿಶೀಲಿಸಿ, ಯಾವುವು ಏಕೆ ಕಿರಿಕಿರಿ ತರುತ್ತವೆ ಎಂಬುದನ್ನು 1985ರಲ್ಲಿ ಪ್ರಕಟಿಸಿದರು. ಹೇಳಿಕೊಳ್ಳಲು ಮುಜುಗರವಾಗುವ ದೇಹಬಾಧೆಗಳ ಸರಕು ಇದ್ದರೆ ಕಿರಿಕಿರಿ ಹೆಚ್ಚು ಎಂಬುದು ಊಹಿಸಬಹುದಾದದ್ದೇ. ಉಳಿದ ಕಾರಣಗಳನ್ನು ನೋಡಿ: ನಂಬಲಾಗದಷ್ಟು ಕೃತಕವಾದ ಸನ್ನಿವೇಶ, ಒಬ್ಬರ ರೂಪವನ್ನೋ ಜಾಣ್ಮೆಯನ್ನೋ ಹೀಗಳೆಯುವುದು, ಆಪ್ತ ಸಂಬಂಧವೊಂದು ಕೆಡುವ ಭಯ ಹುಟ್ಟಿಸುವುದು, ನೋವನ್ನು ಬಿಡಿಸಿ ಬಿಡಿಸಿ ತೋರಿಸುವುದು.

ಆ ಪಟ್ಟಿ ಓದುವಾಗ ನನ್ನ ಕಣ್ಣಮುಂದೆ ಬರುವುದು ಎಲ್ಲ ಕಡೆ ಕಾಣಸಿಗುವ ಒಂದು ಬಗೆಯ ಜಾಹೀರಾತು. ಬಟ್ಟೆಯ ಮೇಲೊಂದು ಕಲೆ. ಮನೆಯಾಕೆ ತಲೆಯ ಮೇಲೆ ಕೈಹೊತ್ತು ನಿಲ್ಲುತ್ತಾಳೆ, ಪಕ್ಕದ ಮನೆಯವಳು ಹುಬ್ಬೇರಿಸುತ್ತಾಳೆ, ಗಂಡನ ಮುಖ ಗಂಟಿಕ್ಕುತ್ತದೆ. ಅಷ್ಟರಲ್ಲಿ ಬಿಳಿ ಕೋಟು ತೊಟ್ಟ ಗಂಡಸೊಬ್ಬ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಆಕೆಗೆ ಒಗೆಯುವುದನ್ನು ಕಲಿಸುತ್ತಾನೆ. ಬದುಕಿಡೀ ಬಟ್ಟೆ ಒಗೆದ ಹೆಂಗಸರು ಇದನ್ನು ನೋಡಬೇಕು. ಸಾಬೂನು ಮಾರಲಿ, ಅದು ಅವರ ಕಸುಬು. ಆದರೆ ನಮ್ಮ ಬುದ್ಧಿಗೆ ಅವಮಾನ ಮಾಡಿ, ನಮ್ಮ ಮನೆಯ ನೆಮ್ಮದಿಗೆ ಬೆದರಿಕೆಯೊಡ್ಡಿ ಮಾರುವುದನ್ನು ಏಕೆ ಸಹಿಸಬೇಕು?

ನಮ್ಮ ಪತ್ರಿಕೆಗೂ ಜಾಹೀರಾತಿನ ಹಣ ಬೇಕು. ಅದನ್ನು ಹೇಳದೆ ಈ ಉತ್ತರ ಬರೆದರೆ ಪ್ರಾಮಾಣಿಕವಾಗದು. ಆದರೆ ಅಚ್ಚಾದ ಜಾಹೀರಾತು ತೆಗೆದುಕೊಳ್ಳುವುದು ಜಾಗವನ್ನು. ಬೇಡವೆಂದರೆ ನೀವು ಪುಟ ತಿರುಗಿಸುತ್ತೀರಿ. ಟಿ.ವಿ. ಜಾಹೀರಾತು ತೆಗೆದುಕೊಳ್ಳುವುದು ಸಮಯವನ್ನು, ಅದೂ ನೀವು ಇನ್ನೊಂದಕ್ಕೆಂದು ಎತ್ತಿಟ್ಟ ಸಮಯವನ್ನು. ಹಾಗೆಂದು ವಿರಾಮವೆಲ್ಲ ಕೆಟ್ಟದ್ದು ಎನ್ನಲಾರೆ. 2009ರಲ್ಲಿ ಪ್ರಕಟವಾದ ಲೀಫ್ ನೆಲ್ಸನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ನಡುನಡುವೆ ಜಾಹೀರಾತು ಬಂದಾಗ ಜನ ಕಾರ್ಯಕ್ರಮವನ್ನು ಹೆಚ್ಚು ಇಷ್ಟಪಟ್ಟದ್ದು ಕಂಡುಬಂತು. ಒಂದೇ ಸಮನೆ ನೋಡುತ್ತಿದ್ದರೆ ಮನಸ್ಸು ಒಗ್ಗಿಹೋಗಿ ಸವಿ ಇಳಿಯುತ್ತದೆ, ವಿರಾಮ ಆ ಸವಿಯನ್ನು ಮರಳಿಸುತ್ತದೆ ಎಂಬುದು ಅವರ ವಿವರಣೆ. ನನಗೆ ಇದು ಒಪ್ಪಿಗೆಯೇ. ಬಿಡುವನ್ನು ಯಾರೂ ದ್ವೇಷಿಸುವುದಿಲ್ಲ. ಆ ಬಿಡುವಿನಲ್ಲಿ ನಮ್ಮನ್ನು ನಡೆಸಿಕೊಳ್ಳುವ ರೀತಿಗೆ ನಮ್ಮ ತಕರಾರು.

ಲಾಭದ ಪ್ರಶ್ನೆಗೆ ಬಂದರೆ, ಕಿರಿಕಿರಿಯ ಪರ ವಾದಿಸುವವರು ಹೇಳುವ ಹಳೆಯ ಉದಾಹರಣೆಯೊಂದಿದೆ. 1950ರ ದಶಕದಲ್ಲಿ ರಾಸರ್ ರೀವ್ಸ್ ಎಂಬ ಜಾಹೀರಾತು ತಜ್ಞ ಅನಾಸಿನ್ ಎಂಬ ತಲೆನೋವಿನ ಮಾತ್ರೆಗೆ ಪ್ರಚಾರ ರೂಪಿಸಿದರು. ತಲೆಯ ಚಿತ್ರ, ಅದರೊಳಗೆ ಬಡಿಯುವ ಸುತ್ತಿಗೆ, ಬಿಗಿಯುವ ಸ್ಪ್ರಿಂಗು, ಹೊಳೆಯುವ ಮಿಂಚು. ಅದೇ ಮಾತು, ಅದೇ ಚಿತ್ರ, ಮತ್ತೆ ಮತ್ತೆ. ನೋಡುಗರಿಗೆ ತಲೆ ಚಿಟ್ಟುಹಿಡಿಯಿತು, ಮಾತ್ರೆಯ ಮಾರಾಟ ಮಾತ್ರ ಏರಿತು. ಆಗ ಅಮೆರಿಕದ ಮನೆಗಳಲ್ಲಿ ನೋಡಲು ಇದ್ದದ್ದು ಬೆರಳೆಣಿಕೆಯ ವಾಹಿನಿಗಳು. ತಲೆನೋವು ಬಂದಾಗ ನೆನಪಾಗುವ ಹೆಸರು ಒಂದಿದ್ದರೆ ಸಾಕಿತ್ತು. ಆ ಮಾರಾಟ ಏರಿದ್ದು ಹೆಸರು ಮನಸ್ಸಿನಲ್ಲಿ ಉಳಿದದ್ದರಿಂದ, ಜನರನ್ನು ಗೋಳುಹೊಯ್ದುಕೊಂಡದ್ದರಿಂದಲ್ಲ ಎಂದು ನಾನು ನಂಬುತ್ತೇನೆ. ಈಗ ವೀಕ್ಷಕರ ಕೈಯಲ್ಲಿ ರಿಮೋಟಿದೆ, ಮೊಬೈಲಿದೆ, ಜಾಹೀರಾತನ್ನು ದಾಟಿಸಿ ನೋಡುವ ಸೌಲಭ್ಯಗಳಿವೆ. ಬೇಸತ್ತವರು ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಉಳಿಯುವವರು ಎದ್ದು ಹೋಗಲಾಗದವರು.

ಅದಕ್ಕಾಗಿಯೇ ನೀವು ಸುಮ್ಮನಿರಬಾರದು. ಸದ್ಯಕ್ಕೆ, ನಿಮ್ಮ ಟಿ.ವಿ.ಯ ಧ್ವನಿ ಸೆಟ್ಟಿಂಗ್‌ನಲ್ಲಿ ಸದ್ದನ್ನು ತಾನಾಗಿ ಸಮಗೊಳಿಸುವ ಆಯ್ಕೆ ಇದೆಯೇ ನೋಡಿ, ಬಹಳಷ್ಟು ಟಿ.ವಿ.ಗಳಲ್ಲಿ ಇರುತ್ತದೆ. ಅದರಿಂದ ಪಿಸುಮಾತು ಸ್ವಲ್ಪ ಏರಿ, ಅಬ್ಬರ ಸ್ವಲ್ಪ ತಗ್ಗುತ್ತದೆ, ತಾಯಿಗೆ ಎರಡೂ ಅನುಕೂಲವೇ. ಆಮೇಲೆ ವಾಹಿನಿಗೆ ಒಂದು ದೂರು ಬರೆಯಿರಿ, ಅದರ ಪ್ರತಿಯನ್ನು ಜಾಹೀರಾತು ಕೊಟ್ಟ ಕಂಪನಿಗೂ ಕಳುಹಿಸಿ. ‘ನಿಮ್ಮ ಜಾಹೀರಾತುಗಳು ಅತಿಯಾದವು’ ಎಂದಷ್ಟೇ ಬರೆದರೆ ಅದು ಕಸದ ಬುಟ್ಟಿ ಸೇರುತ್ತದೆ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಕಾರ್ಯಕ್ರಮದ ನಡುವೆ, ಯಾವ ಜಾಹೀರಾತು, ಆ ವಿರಾಮದಲ್ಲಿ ಎಷ್ಟು ಸಲ ಎಂಬುದನ್ನು ಬರೆಯಿರಿ. ಸಮಯ ಕೊಟ್ಟರೆ ಪ್ರಸಾರದ ದಾಖಲೆಯನ್ನು ತೆಗೆದು ನೋಡಲು ಬರುತ್ತದೆ, ಸದ್ದನ್ನು ಅಳೆಯಲೂ ಬರುತ್ತದೆ. ತಾಯಿ ಬೆಚ್ಚಿಬಿದ್ದದ್ದನ್ನೂ ಬರೆಯಿರಿ. ನಮಗೂ ಒಂದು ಪ್ರತಿ ಇರಲಿ. ವಾಹಿನಿಯಿಂದ ಬರುವ ಉತ್ತರವನ್ನು ನಿಮ್ಮ ಪತ್ರದ ಜೊತೆಗೇ ಅಚ್ಚುಹಾಕುತ್ತೇವೆ. ಬಾರದಿದ್ದರೆ ಬಂದಿಲ್ಲವೆಂದು ಅಚ್ಚುಹಾಕುತ್ತೇವೆ.

ಸಂಪಾದಕ